ಕೊರೆಯುವ ಚಳಿಯಲ್ಲೂ ಪೇರ್ ಬೆಳೆಯಿರಿ: ಫ್ಲೆಮಿಶ್ ಬ್ಯೂಟಿ ತಳಿಗೆ ಒಂದು ಕೈಪಿಡಿ

ಪೇರ್ ಮರದ ಬಗ್ಗೆ ಓದುಗರು ಕೇಳುವುದು ಹೆಚ್ಚುಕಡಿಮೆ ಎರಡೇ ಪ್ರಶ್ನೆ. ಒಂದು, “ನಮ್ಮಲ್ಲಿ ಚಳಿಗಾಲದಲ್ಲಿ ಮೈನಸ್ 25 ಡಿಗ್ರಿಗೆ ಇಳಿಯುತ್ತೆ, ಪೇರ್ ಬದುಕುತ್ತಾ?” ಇನ್ನೊಂದು, “ಮರ ಚೆನ್ನಾಗಿದೆ, ಕಾಯಿಯೂ ಹಿಡೀತು, ಆದ್ರೆ ಹಣ್ಣು ಹೆಚ್ಚಿದರೆ ನಡುವೆ ಕಂದು ಬಣ್ಣದ ಹಿಟ್ಟು. ಯಾಕೆ?”

ಮೊದಲನೆಯದಕ್ಕೆ ಉತ್ತರ: ತಳಿ ಮತ್ತು ಬೇರುಸಸಿ (ಕಸಿ ಮಾಡಿದ ಸಸಿಗೆ ಬೇರು ಕೊಡುವ ಕೆಳಗಿನ ಗಿಡ) ಎರಡನ್ನೂ ಸರಿಯಾಗಿ ಆರಿಸಿದರೆ ಬದುಕುತ್ತದೆ. ಎರಡನೆಯದಕ್ಕೆ ಉತ್ತರ ಇನ್ನೂ ಚಿಕ್ಕದು: ನೀವು ಕಿತ್ತದ್ದು ತಡವಾಯಿತು. ಪೇರ್ ಮರದಲ್ಲಿ ಬಲಿಯುವ ಕಾಯಿ, ಮನೆಯಲ್ಲಿ ಆಗುವ ಹಣ್ಣು. ಇದು ಗೊತ್ತಿಲ್ಲದೆ ಎಷ್ಟೋ ಜನ ಒಳ್ಳೆಯ ಮರವನ್ನು ಬೈದುಕೊಂಡು ಕಡಿದಿದ್ದಾರೆ.

ಇಲ್ಲಿ ಹೇಳುವುದು ಮುಖ್ಯವಾಗಿ ಫ್ಲೆಮಿಶ್ ಬ್ಯೂಟಿ ಎಂಬ ಹಳೆಯ ತಳಿಯ ಬಗ್ಗೆ. 19ನೇ ಶತಮಾನದ ಆರಂಭದಲ್ಲಿ ಬೆಲ್ಜಿಯಂನಲ್ಲಿ ತಾನಾಗಿ ಹುಟ್ಟಿದ ಮರದಿಂದ ಬಂದದ್ದು ಇದು. ಯಾರೂ ತಳಿ ಬೆರೆಸಿ ಮಾಡಿದ್ದಲ್ಲ. ಫ್ರೆಂಚ್‌ನಲ್ಲಿ ಇದರ ಹೆಸರು ‘ಫೊಂದಾಂತ್ ದೇ ಬ್ವಾ’, ಅಂದರೆ ಬಾಯಲ್ಲಿ ಕರಗುವ ಕಾಡಿನ ಹಣ್ಣು. ರಷ್ಯನ್ನರು ‘ಲೆಸ್ನಾಯಾ ಕ್ರಸಾವಿತ್ಸಾ’, ಕಾಡಿನ ಚೆಲುವೆ ಅಂತಾರೆ. ದೊಡ್ಡ ಹಣ್ಣು, ಹಳದಿ ಸಿಪ್ಪೆ, ಬಿಸಿಲು ಬಿದ್ದ ಕಡೆ ಕೆಂಪು, ರಸ ಜಾಸ್ತಿ. ಉತ್ತರ ಗೋಳದಲ್ಲಿ ಸಾಮಾನ್ಯವಾಗಿ ಸೆಪ್ಟೆಂಬರ್‌ನಲ್ಲಿ ಕೊಯ್ಲು. ಬೇರೆ ಚಳಿ ತಳಿ ಬೆಳೆಯುವವರಿಗೂ ಕೆಳಗಿನ ಹೆಚ್ಚಿನ ಮಾತು ಹಾಗೇ ಅನ್ವಯಿಸುತ್ತದೆ.

ಹಂತ 1: ನಿಮ್ಮ ಚಳಿ ಎಷ್ಟು ಅಂತ ಮೊದಲು ನೋಡಿ

ಕಳೆದ ಹತ್ತು ವರ್ಷಗಳಲ್ಲಿ ನಿಮ್ಮ ಊರಿನ ಅತಿ ಕಡಿಮೆ ತಾಪಮಾನ ಎಷ್ಟಿತ್ತು ಅಂತ ಹುಡುಕಿ. ಸರಾಸರಿ ಚಳಿ ಬೇಡ. ಮರ ಸಾಯುವುದು ಒಂದೇ ಕೆಟ್ಟ ರಾತ್ರಿಯಲ್ಲಿ. ನರ್ಸರಿಯವರು ‘ವಲಯ 4’, ‘ವಲಯ 5’ ಅಂತ ಬರೆದಿರುತ್ತಾರೆ. ಇದು ಅಮೆರಿಕದ ಕೃಷಿ ಇಲಾಖೆ ಮಾಡಿದ ಲೆಕ್ಕ. ವಲಯ 5 ಅಂದರೆ ಚಳಿಗಾಲದಲ್ಲಿ ಸುಮಾರು ಮೈನಸ್ 29ರವರೆಗೆ ಇಳಿಯುವ ಜಾಗ, ವಲಯ 4 ಅಂದರೆ ಮೈನಸ್ 34ರವರೆಗೆ. ಫ್ಲೆಮಿಶ್ ಬ್ಯೂಟಿ ವಲಯ 5ರಲ್ಲಿ ನಿಶ್ಚಿಂತೆಯಿಂದ ಇರುತ್ತದೆ. ವಲಯ 4ರಲ್ಲಿ ಬೇರುಸಸಿ ಗಟ್ಟಿಯಾಗಿದ್ದರೆ ನಡೆಯುತ್ತದೆ. ಅದಕ್ಕಿಂತ ಚಳಿ ಇದ್ದರೆ ಹಟ ಮಾಡಬೇಡಿ. ಅಲ್ಲಿಗೆ ಸಮ್ಮರ್‌ಕ್ರಿಸ್ಪ್, ಯೂರ್ ಥರದ ತಳಿಗಳು ಸರಿ. ರುಚಿಯಲ್ಲಿ ಒಂದು ಮೆಟ್ಟಿಲು ಕೆಳಗೆ, ಆದರೆ ಮರ ಉಳಿಯುತ್ತದೆ.

ಉಲ್ಟಾ ತಪ್ಪು ಮಾಡುವವರೂ ಇದ್ದಾರೆ. ಚಳಿಗಾಲವೇ ಇಲ್ಲದ ಕಡೆ ಈ ಮರ ನೆಟ್ಟರೆ ಬರೀ ಎಲೆ. ಪೇರ್ ಮರಕ್ಕೆ ನಿದ್ದೆ ಬೇಕು. ಸುಮಾರು 7 ಡಿಗ್ರಿಗಿಂತ ಕೆಳಗಿನ ತಂಪಿನಲ್ಲಿ ನೂರಾರು ಗಂಟೆ ಕಳೆದ ಮೇಲೆಯೇ ಮೊಗ್ಗು ಸರಿಯಾಗಿ ಒಡೆಯುವುದು. ಯುರೋಪಿನ ತಳಿಗಳಲ್ಲಿ ಹಲವಕ್ಕೆ ಈ ಲೆಕ್ಕ 800 ಗಂಟೆ ದಾಟುತ್ತದೆ.

ಇನ್ನೊಂದು ವಿಷಯ ಇಲ್ಲೇ ಹೇಳಿಬಿಡುತ್ತೇನೆ, ಇದರಲ್ಲಿ ತುಂಬ ಜನಕ್ಕೆ ಗೊಂದಲ ಇದೆ. ಚಳಿ ತಡೆಯುವುದು ಮರದ ಕಟ್ಟಿಗೆ, ಹೂವಲ್ಲ. ಜನವರಿಯಲ್ಲಿ ಮೈನಸ್ 28 ತಾಳಿದ ಅದೇ ಮರ, ಪೂರ್ತಿ ಹೂಬಿಟ್ಟಾಗ ಮೈನಸ್ 2ಕ್ಕೇ ಹೂ ಕಳೆದುಕೊಳ್ಳಲು ಶುರು ಮಾಡುತ್ತದೆ. ಮೈನಸ್ 4ರ ಆಸುಪಾಸಿಗೆ ಹೋದರೆ ಹೆಚ್ಚುಕಡಿಮೆ ಎಲ್ಲ ಹೂವೂ ಹೋಯಿತು. ಹೂವಿನ ನಡುಭಾಗ ಕಪ್ಪಾಗಿದ್ದರೆ ಆ ಹೂ ಸತ್ತಿದೆ ಅಂತ ತಿಳಿಯಿರಿ, ಎಸಳು ಬೆಳ್ಳಗೇ ಇದ್ದರೂ ಕೂಡ.

ಹಂತ 2: ಬೇರುಸಸಿ ಯಾವುದು ಅಂತ ಕೇಳಿ

ಪೇರ್ ಸಸಿ ಅಂದರೆ ಎರಡು ಗಿಡ ಸೇರಿ ಒಂದಾದದ್ದು. ಮೇಲಿನದು ನಿಮಗೆ ಬೇಕಾದ ತಳಿ. ಕೆಳಗಿನದು ಬೇರುಸಸಿ, ಅಂದರೆ ಬೇರು ಕೊಡುವ ಗಿಡ. ಎರಡೂ ಕೂಡಿದ ಜಾಗದಲ್ಲಿ ಉಬ್ಬಿದಂತೆ ಕಾಣುವುದು ಕಸಿಗಂಟು. ಮೇಲಿನ ತಳಿಯ ಹೆಸರು ಎಲ್ಲರೂ ಕೇಳುತ್ತಾರೆ, ಬೇರಿನ ಹೆಸರು ಯಾರೂ ಕೇಳುವುದಿಲ್ಲ. ಚಳಿ ಪ್ರದೇಶದಲ್ಲಿ ಮರ ಬದುಕುವುದೋ ಇಲ್ಲವೋ ಅನ್ನುವುದನ್ನು ಅರ್ಧ ತೀರ್ಮಾನಿಸುವುದು ಈ ಬೇರೇ.

ಕ್ವಿನ್ಸ್ (ಪೇರ್‌ಗೆ ಹತ್ತಿರದ ನೆಂಟನಾದ ಒಂದು ಹಣ್ಣಿನ ಗಿಡ) ಬೇರುಸಸಿ ಮೇಲೆ ಕಸಿ ಮಾಡಿದ ಪೇರ್ ಗಿಡ್ಡವಾಗಿ ಬೆಳೆಯುತ್ತದೆ, ಬೇಗ ಫಲ ಕೊಡುತ್ತದೆ. ಚಿಕ್ಕ ಹಿತ್ತಿಲಿಗೆ ಚಂದ. ಆದರೆ ಕೊರೆಯುವ ಚಳಿಗೆ ಕ್ವಿನ್ಸ್ ಬೇರು ತಾಳುವುದಿಲ್ಲ. ಸುಣ್ಣದ ಅಂಶ ಜಾಸ್ತಿ ಇರುವ ಮಣ್ಣಿನಲ್ಲಿ ಎಲೆ ಹಳದಿಯಾಗಿ ಸೊರಗುತ್ತದೆ. ಮೈನಸ್ 20ಕ್ಕಿಂತ ಕೆಳಗೆ ಹೋಗುವ ಕಡೆ ನಾನಂತೂ ಕ್ವಿನ್ಸ್ ಮುಟ್ಟುವುದಿಲ್ಲ.

ಅಂಥ ಕಡೆ ಎರಡು ದಾರಿ ಇದೆ. ಬೀಜದಿಂದ ಬೆಳೆಸಿದ ಪೇರ್ ಬೇರು ಒಂದು. ತುಂಬ ಗಟ್ಟಿ, ಆದರೆ ಮರ 6 ಮೀಟರ್‌ಗಿಂತ ಎತ್ತರ ಹೋಗುತ್ತದೆ, ಮೊದಲ ಕಾಯಿಗೆ 6ರಿಂದ 8 ವರ್ಷ ಕಾಯಬೇಕಾದೀತು. ಇನ್ನೊಂದು ‘ಓಲ್ಡ್ ಹೋಮ್ × ಫಾರ್ಮಿಂಗ್‌ಡೇಲ್’ ಸಾಲಿನ ಬೇರುಸಸಿಗಳು. ಸಸಿಯ ಚೀಟಿಯಲ್ಲಿ ಇದನ್ನು ‘ಒಎಚ್×ಎಫ್ 87’, ‘ಒಎಚ್×ಎಫ್ 97’ ಅಂತ ಬರೆದಿರುತ್ತಾರೆ. ಚಳಿಗೂ ಗಟ್ಟಿ, ಮುಂದೆ ಹೇಳುವ ಬೆಂಕಿರೋಗಕ್ಕೂ ಗಟ್ಟಿ. 87 ಮಧ್ಯಮ ಎತ್ತರದ ಮರ ಕೊಡುತ್ತದೆ, 97 ದೊಡ್ಡದು. ಮನೆಯ ತೋಟಕ್ಕೆ 87 ಸಾಕು. ಚೀಟಿಯಲ್ಲಿ ಬೇರುಸಸಿಯ ಹೆಸರೇ ಇಲ್ಲ, ಕೇಳಿದರೂ ಗೊತ್ತಿಲ್ಲ ಅಂದರೆ ಆ ಸಸಿ ಅಲ್ಲೇ ಬಿಡಿ.

ಹಂತ 3: ಜೊತೆಗೆ ಇನ್ನೊಂದು ಮರ

ಪೇರ್ ಮರ ಒಂಟಿಯಾಗಿದ್ದರೆ ಹೂ ಸಿಕ್ಕಾಪಟ್ಟೆ, ಕಾಯಿ ಬೆರಳೆಣಿಕೆ. ಫ್ಲೆಮಿಶ್ ಬ್ಯೂಟಿ ತನ್ನದೇ ಪರಾಗದಿಂದ ಸ್ವಲ್ಪ ಕಾಯಿ ಕಟ್ಟೀತು, ಅದನ್ನು ನೆಚ್ಚಿ ಕೂರಬೇಡಿ. ಅದೇ ಹೊತ್ತಿಗೆ ಹೂಬಿಡುವ ಬೇರೆ ತಳಿ ಹತ್ತಿರದಲ್ಲಿ ಇರಬೇಕು, ಸುಮಾರು 15 ಮೀಟರ್ ಒಳಗೆ ಇದ್ದರೆ ಒಳ್ಳೆಯದು. ಅದೇ ತಳಿಯ ಇನ್ನೊಂದು ಸಸಿ ತಂದು ನೆಟ್ಟರೆ ಲೆಕ್ಕಕ್ಕೆ ಬರುವುದಿಲ್ಲ. ಕಸಿಯಿಂದ ಬಂದ ಎರಡೂ ಮರ ಒಂದೇ ಮರದ ತುಂಡುಗಳು. ಬಾರ್ಟ್ಲೆಟ್ (ವಿಲಿಯಮ್ಸ್ ಅಂತಲೂ ಕರೆಯುತ್ತಾರೆ), ಬಾಸ್ಕ್, ಸೆಕೆಲ್, ಇವುಗಳಲ್ಲಿ ನಿಮ್ಮ ಚಳಿ ತಾಳುವ ಒಂದನ್ನು ಆರಿಸಿ. ಮುಂದೆ ಮೂರನೇ ಮರ ಸೇರಿಸುವ ಯೋಚನೆ ಇದ್ದರೆ ಒಂದು ನೆನಪಿರಲಿ: ಬಾರ್ಟ್ಲೆಟ್‌ಗೂ ಸೆಕೆಲ್‌ಗೂ ಪರಸ್ಪರ ಹೊಂದುವುದಿಲ್ಲ.

ಜಾಗ ಇಲ್ಲವಾ? ಒಂದೇ ಮರದ ಒಂದು ಕೊಂಬೆಗೆ ಬೇರೆ ತಳಿಯ ಕಸಿ ಮಾಡಿದರೂ ಕೆಲಸ ಆಗುತ್ತದೆ. ಸವರುವಾಗ ಆ ಕೊಂಬೆಯನ್ನೇ ಕತ್ತರಿಸಿ ಹಾಕದಂತೆ ಬಣ್ಣದ ದಾರ ಕಟ್ಟಿಡಿ.

ಜೇನುನೊಣಗಳಿಗೆ ಪೇರ್ ಹೂವಿನ ಮೇಲೆ ಅಷ್ಟು ಪ್ರೀತಿ ಇಲ್ಲ. ಮಕರಂದದಲ್ಲಿ ಸಕ್ಕರೆ ಕಡಿಮೆ, ಅದಕ್ಕೇ. ಮರದ ಕೆಳಗೆ ಹುಲ್ಲಿನಲ್ಲಿ ಬೇರೆ ಹೂ ಅರಳಿದ್ದರೆ ಅವು ಅಲ್ಲಿಗೇ ಹೋಗುತ್ತವೆ. ಪೇರ್ ಹೂಬಿಡುವ ಮುಂಚೆ ಆ ಹುಲ್ಲು ಕತ್ತರಿಸಿ. ಹೂವಿರುವಾಗ ಯಾವ ಕೀಟನಾಶಕವೂ ಬೇಡ.

ಹಂತ 4: ಜಾಗ

ದಿನಕ್ಕೆ ಕನಿಷ್ಠ 6ರಿಂದ 8 ಗಂಟೆ ಬಿಸಿಲು, ನೀರು ನಿಲ್ಲದ ನೆಲ. ತಣ್ಣನೆ ಗಾಳಿ ನೀರಿನ ಹಾಗೆ ತಗ್ಗಿಗೆ ಹರಿದು ನಿಲ್ಲುತ್ತದೆ. ಹಾಗಾಗಿ ಇಳಿಜಾರಿನ ತಳದಲ್ಲಿ ನೆಡಬೇಡಿ, ಮಧ್ಯದಲ್ಲಿ ನೆಡಿ. ಬಿಸಿಲು ಬೀಳುವ ಗೋಡೆಯ ಪಕ್ಕ ಬೆಚ್ಚಗಿರುತ್ತೆ ಅಂತ ಅಲ್ಲಿ ನೆಡುವುದು ಸಾಮಾನ್ಯ ತಪ್ಪು. ಆ ಬೆಚ್ಚಗೆಗೆ ಮರ ಬೇಗ ಎದ್ದು ಹೂಬಿಡುತ್ತದೆ, ವಾರದಲ್ಲೇ ಚಳಿ ವಾಪಸು ಬಂದು ಹೂವನ್ನು ಸುಡುತ್ತದೆ. ಮಣ್ಣಿನ ಪಿಎಚ್ (ಹುಳಿ-ಸುಣ್ಣದ ಅಳತೆ) 6ರಿಂದ 7ರ ನಡುವೆ ಇರಲಿ.

ಹಂತ 5: ನೆಡುವುದು

ಚಳಿ ಪ್ರದೇಶದಲ್ಲಿ ನೆಡುವ ಹೊತ್ತು ವಸಂತದ ಆರಂಭ, ನೆಲ ಕರಗಿ ಗುದ್ದಲಿ ಇಳಿದ ಕೂಡಲೇ. ಆಗ ಮಣ್ಣಿಲ್ಲದ ಬರಿಬೇರಿನ ಸಸಿ ಸಿಗುತ್ತದೆ, ಮೊಗ್ಗು ಇನ್ನೂ ಮಲಗಿರುತ್ತದೆ.

ಬೇರನ್ನು ಒಂದೆರಡು ಗಂಟೆ ನೀರಿನಲ್ಲಿ ಇಡಿ. ರಾತ್ರಿಯಿಡೀ ಬೇಡ. ಗುಂಡಿ ಬೇರಿನ ಹರವಿಗಿಂತ ಎರಡು ಪಟ್ಟು ಅಗಲ ಇರಲಿ, ಆಳ ಬೇರು ಕೂರುವಷ್ಟು ಮಾತ್ರ. ತುಂಬ ಆಳ ತೋಡಿ ಸಡಿಲ ಮಣ್ಣು ತುಂಬಿದರೆ ಮರ ದಿನ ಕಳೆದಂತೆ ಕುಸಿಯುತ್ತದೆ. ಕಸಿಗಂಟು ನೆಲಕ್ಕಿಂತ 5ರಿಂದ 8 ಸೆಂಟಿಮೀಟರ್ ಮೇಲೆ ಇರಲೇಬೇಕು. ಗಂಟು ಮಣ್ಣಲ್ಲಿ ಹೂತರೆ ಮೇಲಿನ ತಳಿಯೇ ಬೇರು ಬಿಡುತ್ತದೆ. ನೀವು ಕೇಳಿ ಕೇಳಿ ತಂದ ಬೇರುಸಸಿಗೆ ಅರ್ಥವೇ ಇಲ್ಲದಂತಾಗುತ್ತದೆ. ನಾನು ಮೊದಲ ಮರದಲ್ಲಿ ಈ ತಪ್ಪು ಮಾಡಿದ್ದೆ, ಮಧ್ಯಮ ಎತ್ತರಕ್ಕೆ ಅಂತ ತಂದ ಸಸಿ ಈಗ ಏಣಿಗೂ ಸಿಗುವುದಿಲ್ಲ.

ತೋಡಿದ ಮಣ್ಣನ್ನೇ ವಾಪಸು ತುಂಬಿ. ಗುಂಡಿಗೆ ರಾಸಾಯನಿಕ ಗೊಬ್ಬರ ಸುರಿಯಬೇಡಿ, ಎಳೆ ಬೇರು ಸುಡುತ್ತದೆ. ಮಣ್ಣು ತುಳಿದು ಗಟ್ಟಿ ಮಾಡಿ, ಪಾತಿ ಕಟ್ಟಿ, 15ರಿಂದ 20 ಲೀಟರ್ ನೀರು ನಿಧಾನವಾಗಿ ಹಾಕಿ. ಎರಡು ಮರದ ನಡುವೆ 4ರಿಂದ 5 ಮೀಟರ್ ಬಿಡಿ, ಬೀಜದ ಬೇರಿನ ಮರವಾದರೆ ಇನ್ನೂ ಜಾಸ್ತಿ.

ಹಂತ 6: ಮೊದಲ ಮೂರು ವರ್ಷ

ಮಳೆ ಇಲ್ಲದ ವಾರ ಒಂದು ಸಲ ಚೆನ್ನಾಗಿ ನೀರು ಕೊಡಿ. ದಿನಾ ಸ್ವಲ್ಪ ಸ್ವಲ್ಪ ಚಿಮುಕಿಸಿದರೆ ಬೇರು ಮೇಲೆಯೇ ಉಳಿಯುತ್ತದೆ. ಬುಡದ ಸುತ್ತ 8ರಿಂದ 10 ಸೆಂಟಿಮೀಟರ್ ದಪ್ಪ ಮರದ ಚೂರು ಅಥವಾ ಒಣ ಎಲೆಯ ಹೊದಿಕೆ ಹಾಕಿ, ಆದರೆ ಕಾಂಡಕ್ಕೆ ತಾಗದಂತೆ ಒಂದು ಗೇಣು ದೂರ.

ಗೊಬ್ಬರದ ವಿಷಯದಲ್ಲಿ ಜಿಪುಣರಾಗಿ. ಸಾರಜನಕ ಜಾಸ್ತಿಯಾದರೆ ಚಿಗುರು ರಭಸದಿಂದ ಬರುತ್ತದೆ, ನೋಡಲು ಖುಷಿ. ಆದರೆ ಆ ಮೆತ್ತನೆ ಚಿಗುರು ಚಳಿಗಾಲದೊಳಗೆ ಗಟ್ಟಿಯಾಗುವುದಿಲ್ಲ. ತಡೆಯುವ ತಳಿ ಅಂತ ತಂದರೂ ತುದಿಯಿಂದ ಒಣಗಿಕೊಂಡು ಬರುತ್ತದೆ. ಬೇಸಿಗೆಯ ಅರ್ಧ ಕಳೆದ ಮೇಲೆ ಸಾರಜನಕ ಬೇಡವೇ ಬೇಡ. ಎಳೆಯ ಮರದಲ್ಲಿ ವರ್ಷಕ್ಕೆ ಅರ್ಧ ಮೀಟರ್ ಆಸುಪಾಸು ಹೊಸ ಚಿಗುರು ಬರುತ್ತಿದ್ದರೆ ಗೊಬ್ಬರವೇ ಹಾಕಬೇಕಿಲ್ಲ.

ಚಳಿಗಾಲಕ್ಕೆ ಮುಂಚೆ ಎರಡು ಕೆಲಸ. ಒಂದು, ಕಾಂಡಕ್ಕೆ ಬಿಳಿ ಬಳಿಯುವುದು. ಹಿಮದ ದಿನಗಳಲ್ಲಿ ಮಧ್ಯಾಹ್ನದ ಬಿಸಿಲಿಗೆ ತೊಗಟೆ ಬಿಸಿಯಾಗಿ ಎಚ್ಚರಗೊಳ್ಳುತ್ತದೆ. ಸೂರ್ಯ ಮುಳುಗಿದ ಕೂಡಲೇ ಹೆಪ್ಪುಗಟ್ಟಿ ಉದ್ದಕ್ಕೆ ಸೀಳುತ್ತದೆ. ಉತ್ತರ ಗೋಳದಲ್ಲಿ ಈ ಸೀಳು ಕಾಣುವುದು ನೈರುತ್ಯ ಮಗ್ಗುಲಲ್ಲಿ. ನೀರಿನಲ್ಲಿ ಕರಗುವ ಬಿಳಿ ಬಣ್ಣಕ್ಕೆ ಅಷ್ಟೇ ನೀರು ಬೆರೆಸಿ ಕೆಳಗಿನ ಕೊಂಬೆಯವರೆಗೆ ಬಳಿಯಿರಿ. ಎಣ್ಣೆ ಬಣ್ಣ ಬಳಿಯಬೇಡಿ.

ಎರಡು, ಇಲಿ ಮತ್ತು ಮೊಲದ ಕಾವಲು. ಹಿಮದ ಅಡಿಯಲ್ಲಿ ಹೊಲದಿಲಿಗಳು ಓಡಾಡಿ ತೊಗಟೆಯನ್ನು ಸುತ್ತಲೂ ಕೊರೆದು ತಿನ್ನುತ್ತವೆ. ತೊಗಟೆ ಪೂರ್ತಿ ಸುತ್ತು ಹೋಯಿತು ಅಂದರೆ ಮರ ಮುಗಿಯಿತು. 6 ಮಿಲಿಮೀಟರ್ ಕಣ್ಣಿನ ತಂತಿ ಬಲೆಯನ್ನು ಕಾಂಡದ ಸುತ್ತ ಸಡಿಲವಾಗಿ ಸುತ್ತಿ. ಕೆಳಗೆ ಸ್ವಲ್ಪ ಮಣ್ಣೊಳಗೆ ಹೂಳಿ. ಎತ್ತರ ನಿಮ್ಮಲ್ಲಿ ಬೀಳುವ ಹಿಮಕ್ಕಿಂತ ಮೇಲೆ ಇರಲಿ, ಇಲ್ಲದಿದ್ದರೆ ಮೊಲ ಹಿಮದ ಮೇಲೆ ನಿಂತು ಆರಾಮಾಗಿ ತಿನ್ನುತ್ತದೆ.

ಹಂತ 7: ಸವರುವುದು, ಬಾಗಿಸುವುದು

ಪೇರ್ ಕೊಂಬೆಗೆ ನೆಟ್ಟಗೆ ಆಕಾಶಕ್ಕೆ ಹೋಗುವ ಚಟ. ನೆಟ್ಟಗೆ ಹೋದ ಕೊಂಬೆ ಎಲೆ ಕೊಡುತ್ತದೆ, ಅಡ್ಡ ಬಾಗಿದ ಕೊಂಬೆ ಹೂ ಕೊಡುತ್ತದೆ. ಹಾಗಾಗಿ ಕತ್ತರಿಗಿಂತ ದಾರ ಜಾಸ್ತಿ ಬಳಸಿ. ಎಳೆಯ ಕೊಂಬೆ ಬೆರಳು ದಪ್ಪ ಇರುವಾಗಲೇ ಕಾಂಡದಿಂದ ಸುಮಾರು 60 ಡಿಗ್ರಿ ಕೋನಕ್ಕೆ ಬಾಗಿಸಿ, ನೆಲದ ಗೂಟಕ್ಕೆ ಕಟ್ಟಿ. ಒಂದು ಬೇಸಿಗೆ ಕಳೆದರೆ ಹಾಗೇ ನಿಲ್ಲುತ್ತದೆ.

ಕತ್ತರಿ ಹಾಕುವುದು ಚಳಿಗಾಲದ ಕೊನೆಯಲ್ಲಿ, ಅತಿ ಚಳಿ ಮುಗಿದ ಮೇಲೆ, ಮೊಗ್ಗು ಒಡೆಯುವ ಮುಂಚೆ. ನಡುವೆ ಒಂದು ಮುಖ್ಯ ಕಾಂಡ, ಸುತ್ತ ಬೇರೆ ಬೇರೆ ಎತ್ತರದಲ್ಲಿ ನಾಲ್ಕೈದು ಕೊಂಬೆ. ಸತ್ತದ್ದು, ಒಂದಕ್ಕೊಂದು ಉಜ್ಜುವುದು, ಕಸಿಗಂಟಿನ ಕೆಳಗಿಂದ ಬಂದದ್ದು ತೆಗೆಯಿರಿ. ಕೊಂಬೆಯ ಮೇಲೆ ಗಿಡ್ಡ ಗಿಡ್ಡ ಗಂಟುಗಂಟಾದ ಕಡ್ಡಿಗಳು ಕಂಡರೆ ಒಣಕಲು ಅಂದುಕೊಂಡು ಸವರಬೇಡಿ. ವರ್ಷ ವರ್ಷ ಹೂ ಬರುವುದು ಅವುಗಳಲ್ಲೇ.

ಹಂತ 8: ಎರಡು ರೋಗಗಳು

ಫ್ಲೆಮಿಶ್ ಬ್ಯೂಟಿಯನ್ನು ಇಷ್ಟು ಹೊಗಳಿದ ಮೇಲೆ ಅದರ ದೋಷವನ್ನೂ ಹೇಳಬೇಕಲ್ವಾ. ಚಳಿಗೆ ಗಟ್ಟಿ, ರೋಗಕ್ಕೆ ಮೆತ್ತಗೆ.

ಕಜ್ಜಿರೋಗ ಶಿಲೀಂಧ್ರದಿಂದ ಬರುತ್ತದೆ. ಎಲೆ ಮತ್ತು ಕಾಯಿಯ ಮೇಲೆ ಕಪ್ಪು ಮಚ್ಚೆ, ಆಮೇಲೆ ಕಾಯಿ ಬಿರಿಯುತ್ತದೆ. ಒದ್ದೆ ವಸಂತದಲ್ಲಿ ಈ ತಳಿಗೆ ಇದು ಬಂದೇ ಬರುತ್ತದೆ ಅಂತ ಇಟ್ಟುಕೊಳ್ಳಿ. ರೋಗ ಚಳಿಗಾಲ ಕಳೆಯುವುದು ಮುಖ್ಯವಾಗಿ ಬಿದ್ದ ಎಲೆಗಳಲ್ಲಿ. ಶರತ್ಕಾಲದಲ್ಲಿ ಎಲೆ ಗುಡಿಸಿ ತೆಗೆದರೆ ಅರ್ಧ ಯುದ್ಧ ಅಲ್ಲೇ ಗೆದ್ದಂತೆ. ಮರದೊಳಗೆ ಗಾಳಿ ಆಡುವಂತೆ ಸವರಿ. ಔಷಧಿ ಬೇಕೇ ಆದರೆ ಮಚ್ಚೆ ಕಂಡ ಮೇಲೆ ಹೊಡೆದು ಪ್ರಯೋಜನ ಇಲ್ಲ, ಮೊಗ್ಗು ಒಡೆಯುವಾಗಿನಿಂದ ಹೊಡೆಯಬೇಕು.

ಫೈರ್ ಬ್ಲೈಟ್ ಅಥವಾ ಬೆಂಕಿರೋಗ ಇದಕ್ಕಿಂತ ಕೆಟ್ಟದ್ದು. ಇದು ಬ್ಯಾಕ್ಟೀರಿಯಾದ ಕೆಲಸ. ಗಿಡಗಳಿಗೂ ಬ್ಯಾಕ್ಟೀರಿಯಾದಿಂದ ರೋಗ ಬರುತ್ತದೆ ಎಂದು 19ನೇ ಶತಮಾನದ ಕೊನೆಯಲ್ಲಿ ಮೊದಲು ಗೊತ್ತಾದದ್ದು ಇದರಿಂದಲೇ. ಬೆಚ್ಚಗಿನ, ಒದ್ದೆ ದಿನಗಳಲ್ಲಿ ಅರಳಿದ ಹೂವಿನ ಮೂಲಕ ಒಳಗೆ ಹೋಗುತ್ತದೆ. ಚಿಗುರು ಬೆಂಕಿಗೆ ಹಿಡಿದಂತೆ ಕಪ್ಪಾಗಿ, ತುದಿ ಕೊಕ್ಕೆಯಂತೆ ಬಾಗಿದರೆ ಅದೇ. ನಾಳೆ ನೋಡೋಣ ಅನ್ನಬೇಡಿ. ಒಣ ಹವೆ ಇರುವ ದಿನ, ಕಪ್ಪು ಕಾಣುವ ಜಾಗಕ್ಕಿಂತ 20ರಿಂದ 30 ಸೆಂಟಿಮೀಟರ್ ಕೆಳಗೆ, ಆರೋಗ್ಯವಾದ ಕಟ್ಟಿಗೆಯಲ್ಲಿ ಕತ್ತರಿಸಿ. ಪ್ರತಿ ಸಲ ಕತ್ತರಿಸಿದ ಮೇಲೂ ಕತ್ತರಿಯನ್ನು 70 ಶೇಕಡಾ ಆಲ್ಕೋಹಾಲ್‌ನಿಂದ ಒರೆಸಿ, ಇಲ್ಲದಿದ್ದರೆ ನೀವೇ ರೋಗ ಹಂಚಿದ ಹಾಗೆ. ಕತ್ತರಿಸಿದ್ದನ್ನು ಸುಡಿ ಅಥವಾ ಚೀಲದಲ್ಲಿ ಕಟ್ಟಿ ಎಸೆಯಿರಿ.

ನಿಮ್ಮ ಸುತ್ತಮುತ್ತ ಬೆಂಕಿರೋಗ ವರ್ಷಾ ವರ್ಷಾ ಇದೆ ಅಂದರೆ ನೇರವಾಗಿ ಹೇಳುತ್ತೇನೆ, ಈ ತಳಿ ಬೇಡ. ಸೆಕೆಲ್ ಅಥವಾ ಕೆನಡಾದಲ್ಲಿ ಬೆಳೆಸಿದ ಹ್ಯಾರೋ ಸ್ವೀಟ್ ನೋಡಿ. ಇವೆರಡೂ ಶರತ್ಕಾಲದ ಹಣ್ಣೇ, ಈ ರೋಗವನ್ನು ಚೆನ್ನಾಗಿ ತಡೆಯುತ್ತವೆ. ಚಳಿ ತಾಳುವ ಶಕ್ತಿ ಮಾತ್ರ ಸ್ವಲ್ಪ ಕಡಿಮೆ, ವಲಯ 5ರವರೆಗೆ.

ಹಂತ 9: ಹೀಚು ಉದುರಿಸುವುದು

ಹೂ ಉದುರಿ ನಾಲ್ಕರಿಂದ ಆರು ವಾರಕ್ಕೆ ಒಂದೊಂದು ಗೊಂಚಲಲ್ಲಿ ಮೂರು ನಾಲ್ಕು ಹೀಚು ಇರುತ್ತವೆ. ಗೊಂಚಲಿಗೆ ಒಂದು, ಕಾಯಿಂದ ಕಾಯಿಗೆ ಸುಮಾರು 15 ಸೆಂಟಿಮೀಟರ್. ಉಳಿದದ್ದು ಕಿತ್ತುಹಾಕಿ. ಕೈ ಬರುವುದಿಲ್ಲ, ಗೊತ್ತು. ಆದರೆ ಎಲ್ಲ ಬಿಟ್ಟರೆ ಎಲ್ಲವೂ ಸಣ್ಣ, ಕೊಂಬೆ ಮುರಿಯುತ್ತದೆ, ಮುಂದಿನ ವರ್ಷ ಮರ ಸುಮ್ನೆ ನಿಂತಿರುತ್ತದೆ.

ಹಂತ 10: ಯಾವಾಗ ಕೀಳಬೇಕು, ಹೇಗೆ ಹಣ್ಣು ಮಾಡಬೇಕು

ಇಲ್ಲಿಯವರೆಗೆ ಎಲ್ಲ ಸರಿ ಮಾಡಿ ಇಲ್ಲಿ ಎಡವುವವರೇ ಜಾಸ್ತಿ.

ಯುರೋಪಿನ ಪೇರ್ ಒಳಗಿನಿಂದ ಹೊರಗೆ ಮಾಗುತ್ತದೆ. ಮರದಲ್ಲೇ ಬಿಟ್ಟು ಹೊರಗೆ ಮೆತ್ತಗಾಗುವವರೆಗೆ ಕಾದರೆ, ಅಷ್ಟರಲ್ಲಿ ನಡುಭಾಗ ಕೊಳೆತಿರುತ್ತದೆ. ತಿರುಳಿನಲ್ಲಿ ಮರಳಿನಂಥ ಕಲ್ಲುಕಣಗಳೂ ಹೆಚ್ಚುತ್ತವೆ. ಫ್ಲೆಮಿಶ್ ಬ್ಯೂಟಿಗೆ ಇನ್ನೊಂದು ಗುಣ, ಬಲಿತ ಮೇಲೆ ಗಾಳಿ ಬಂದರೆ ದಬದಬನೆ ಉದುರುತ್ತದೆ. ಆದ್ದರಿಂದ ಕಾಯಿ ಇನ್ನೂ ಗಟ್ಟಿ ಇರುವಾಗಲೇ ಕೀಳಬೇಕು.

ಬಲಿತಿದೆ ಅಂತ ತಿಳಿಯಲು ಹೀಗೆ ಮಾಡಿ. ಕಾಯಿಯನ್ನು ಅಂಗೈಯಲ್ಲಿ ಹಿಡಿದು, ತೂಗುತ್ತಿರುವುದನ್ನು ಅಡ್ಡಕ್ಕೆ ಎತ್ತಿ. ತೊಟ್ಟು ಕೊಂಬೆಯಿಂದ ಸಲೀಸಾಗಿ ಬಿಟ್ಟುಕೊಂಡರೆ ಸಮಯ ಬಂದಿದೆ. ಜಗ್ಗಬೇಕಾಯಿತು ಅಂದರೆ ಇನ್ನೂ ನಾಲ್ಕೈದು ದಿನ ಬಿಡಿ. ಸಿಪ್ಪೆಯ ಗಾಢ ಹಸಿರು ತಿಳಿಹಸಿರಿಗೆ ತಿರುಗಿರುತ್ತದೆ. ಒಂದನ್ನು ಕೊಯ್ದು ನೋಡಿದರೆ ಬೀಜ ಕಂದಾಗಿರುತ್ತದೆ. ಕೆಂಪು ಬಣ್ಣ ನೋಡಿ ಮೋಸ ಹೋಗಬೇಡಿ, ಅದು ಬಿಸಿಲಿನ ಲೆಕ್ಕ, ಬಲಿತದ್ದರ ಲೆಕ್ಕ ಅಲ್ಲ. ಎಲ್ಲ ಒಂದೇ ದಿನ ಬಲಿಯುವುದಿಲ್ಲ, ಎರಡು ಮೂರು ಸಲ ಕೊಯ್ಯಿರಿ. ತೊಟ್ಟು ಕಾಯಿಯಲ್ಲೇ ಉಳಿಯಲಿ.

ಕಿತ್ತ ಕಾಯಿಯನ್ನು ಮೊದಲು ಫ್ರಿಜ್‌ನಲ್ಲಿ ಇಡಿ. ಗಾಬರಿಯಾಗಬೇಡಿ, ಈ ತಂಪು ಬೇಕೇ ಬೇಕು. ತಂಪು ತಾಗಿದ ಮೇಲೆಯೇ ಪೇರ್ ಒಳಗಿನಿಂದ ಎಥಿಲೀನ್ ಎಂಬ ಮಾಗಿಸುವ ಅನಿಲವನ್ನು ಸರಿಯಾಗಿ ಬಿಡುವುದು. ಬಾರ್ಟ್ಲೆಟ್‌ಗೆ ಕೆಲವೇ ದಿನ ಸಾಕು, ಅಂಜೂ ಎಂಬ ಚಳಿಗಾಲದ ತಳಿಗೆ ಎರಡು ತಿಂಗಳ ಹತ್ತಿರ ಬೇಕು. ಫ್ಲೆಮಿಶ್ ಬ್ಯೂಟಿಗೆ ಒಂದು ವಾರ ಕೊಡಿ. ಸಿಪ್ಪೆ ಸುಕ್ಕಾಗದಂತೆ ತೂತಿರುವ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿಡಿ.

ಆಮೇಲೆ ಬೇಕಾದಷ್ಟನ್ನೇ ಹೊರಗೆ ತೆಗೆದು 18ರಿಂದ 21 ಡಿಗ್ರಿ ಇರುವ ಕೋಣೆಯಲ್ಲಿ ಅಡೆ ಹಾಕಿ. ನಾಲ್ಕರಿಂದ ಏಳು ದಿನ ಹಿಡಿಯುತ್ತದೆ. ಬೇಗ ಬೇಕು ಅಂದರೆ ಕಾಗದದ ಚೀಲದಲ್ಲಿ ಒಂದು ಬಾಳೆಹಣ್ಣಿನ ಜೊತೆ ಇಡಿ. ಹೊಟ್ಟೆ ಒತ್ತಿ ನೋಡಬೇಡಿ, ಹಣ್ಣಿಗೆ ಪೆಟ್ಟು ಬೀಳುತ್ತದೆ, ಜೊತೆಗೆ ಗೊತ್ತಾಗುವುದೂ ಇಲ್ಲ. ತೊಟ್ಟಿನ ಪಕ್ಕ ಕುತ್ತಿಗೆಯ ಮೇಲೆ ಹೆಬ್ಬೆರಳು ಮೆಲ್ಲಗೆ ಒತ್ತಿ. ಅಲ್ಲಿ ಸ್ವಲ್ಪ ಬಾಗಿತು ಅಂದರೆ ಅವತ್ತೇ ತಿನ್ನಿ, ನಾಳೆಗೆ ಇಡಬೇಡಿ. ಫ್ರಿಜ್‌ನಲ್ಲಿ ಉಳಿದಿರುವುದನ್ನೂ ಒಂದು ತಿಂಗಳೊಳಗೆ ಹೀಗೇ ಸ್ವಲ್ಪ ಸ್ವಲ್ಪವಾಗಿ ತೆಗೆದು ಮುಗಿಸಿ. ಈ ತಳಿ ತುಂಬ ದಿನ ತಡೆಯುವಂಥದ್ದಲ್ಲ.